ಚೆಂಡು ಬರುವ ಮೊದಲಿನ ಎರಡು ಸೆಕೆಂಡ್: ಕಾಲೇಜು ವೈಡ್ ರಿಸೀವರ್‌ಗಳನ್ನು ಡ್ರಾಫ್ಟ್‌ಗಾಗಿ ಅಳೆಯುವುದು ಹೇಗೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಮುಂದಕ್ಕೆ ಓಡಿ, ಎಸೆದ ಚೆಂಡನ್ನು ಹಿಡಿಯುವವನು ವೈಡ್ ರಿಸೀವರ್. ಹೈಲೈಟ್ ವಿಡಿಯೊ ನೋಡಿ ಅವನ ಬೆಲೆ ಕಟ್ಟಲು ಹೋಗಬೇಡಿ. ಅಲ್ಲಿ ಕಾಣುವುದು ಚೆಂಡು ಕೈಸೇರಿದ ಗಳಿಗೆ ಮಾತ್ರ. ತನ್ನನ್ನು ತಡೆಯಲು ಎದುರಿಗಿದ್ದ ರಕ್ಷಕ, ಅಂದರೆ ಕಾರ್ನರ್‌ಬ್ಯಾಕ್‌ನಿಂದ ಅವನು ಹೇಗೆ ತಪ್ಪಿಸಿಕೊಂಡ ಎಂಬುದು ಎಡಿಟಿಂಗ್‌ನಲ್ಲಿ ಹೋಗಿಬಿಟ್ಟಿರುತ್ತದೆ. ಏಪ್ರಿಲ್ ಕೊನೆಯ ವಾರ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳು ಡ್ರಾಫ್ಟ್‌ನ 7 ಸುತ್ತುಗಳಲ್ಲಿ ಕಾಲೇಜು ಆಟಗಾರರನ್ನು ಆರಿಸುವ ಹೊತ್ತಿಗೆ, ರಿಸೀವರ್ ವಿಷಯದಲ್ಲಿ ಉತ್ತರ ಸಿಗಲೇಬೇಕಾದ ಪ್ರಶ್ನೆ ಒಂದಿದೆ: ಕಾರ್ನರ್‌ಗೂ ತನಗೂ ನಡುವಿನ ಆ ಅಂತರವನ್ನು ಹುಡುಗ ತನ್ನ ಕಾಲಿನಿಂದ ಸಂಪಾದಿಸಿದನೋ, ಕೋಚ್ ಹೂಡಿದ ಯೋಜನೆ ಅವನಿಗೆ ಕೊಟ್ಟಿತೋ? ಸಂಪಾದಿಸಿದ್ದು ಅವನ ಜೊತೆ ಎನ್‌ಎಫ್‌ಎಲ್‌ಗೆ ಬರುತ್ತದೆ. ಕೊಟ್ಟದ್ದು ಕಾಲೇಜಿನಲ್ಲೇ ಉಳಿಯುತ್ತದೆ.

ವಿಡಿಯೊ ಆರಿಸುವುದು

ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಸ್ನ್ಯಾಪ್ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವುದು) ಆದ ಒಂದು ಸೆಕೆಂಡಿಗೆ ರಿಸೀವರ್ ಚೌಕಟ್ಟಿನಿಂದ ಹೊರಗೆ. ಹಾಗಾಗಿ ಎರಡೂ ತಂಡಗಳ 22 ಆಟಗಾರರೂ ಒಟ್ಟಿಗೆ ಕಾಣುವ, ಎತ್ತರದಿಂದ ತೆಗೆದ ಆಲ್-22 ವಿಡಿಯೊ ಸಿಕ್ಕರೆ ಅದನ್ನೇ ನೋಡಿ. ಕಾಲೇಜು ಪಂದ್ಯಗಳ ಆಲ್-22 ಸಾಮಾನ್ಯ ವೀಕ್ಷಕರ ಕೈಗೆ ಸಿಗುವುದು ಕಷ್ಟ. ಟಿವಿ ವಿಡಿಯೊ ಮಾತ್ರ ಇದ್ದರೆ ರೆಡ್ ಝೋನ್ ಆಟಗಳ ಮೇಲೆ ಹೆಚ್ಚು ಹೊತ್ತು ಕಳೆಯಿರಿ: ಟಚ್‌ಡೌನ್ ಅಂಕ ಸಿಗುವ ಎಂಡ್ ಝೋನ್ ಹತ್ತಿರವಿರುವುದರಿಂದ ರಿಸೀವರ್ ಬಹಳ ದೂರ ಓಡಲಾಗದು, ಚೌಕಟ್ಟಿನೊಳಗೇ ಇರುತ್ತಾನೆ. ಅಲಬಾಮಾದ ಮೊಬೈಲ್ ನಗರದಲ್ಲಿ ಡ್ರಾಫ್ಟ್‌ಗೆ ಮುನ್ನ ನಡೆಯುವ ಕಾಲೇಜು ಆಟಗಾರರ ಪ್ರದರ್ಶನ ಪಂದ್ಯ ಸೀನಿಯರ್ ಬೌಲ್‌ನ ಅಭ್ಯಾಸದಲ್ಲಿ ಒಬ್ಬರಿಗೊಬ್ಬರು ಎದುರಾಗುವ ಡ್ರಿಲ್‌ಗಳಿರುತ್ತವೆ, ಅವೂ ಕೆಲಸಕ್ಕೆ ಬರುತ್ತವೆ.

ಕನಿಷ್ಠ 4 ಪಂದ್ಯ ನೋಡಿ. ಒಂದು, ಆ ಋತುವಿನಲ್ಲಿ ಅವನಿಗೆ ಎದುರಾದ ಅತ್ಯುತ್ತಮ ಕಾರ್ನರ್ ಇದ್ದದ್ದು. ಒಂದು, ಅವನಿಗೆ ಎರಡೋ ಮೂರೋ ಕ್ಯಾಚ್ ಮಾತ್ರ ಸಿಕ್ಕಿದ್ದು. ಒಂದು, ಹಿಂದಿನ ವರ್ಷದ್ದು. ನಾಲ್ಕನೆಯದು ಅವನ ಒಳ್ಳೆಯ ದಿನದ್ದಾಗಿರಲಿ. ಕ್ಯಾಚ್ ಕಡಿಮೆಯಾದ ಪಂದ್ಯವೇ ಹೆಚ್ಚು ಕಲಿಸುತ್ತದೆ. ಅವನು ಅಂತರ ಮಾಡಿಕೊಂಡು ನಿಂತಿದ್ದರೂ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ನೋಡಲಿಲ್ಲವೋ, ನಿಜಕ್ಕೂ ಕಾರ್ನರ್ ಕಟ್ಟಿಹಾಕಿದನೋ ಎಂಬುದು ಅಲ್ಲೇ ಗೊತ್ತಾಗುವುದು.

ಪ್ರತಿ ಸ್ನ್ಯಾಪ್‌ಗೂ ಒಂದು ಸಾಲು ಬರೆಯಿರಿ: ಎಷ್ಟನೇ ಡೌನ್ (ಯತ್ನ), ಎಷ್ಟು ಗಜ ಬೇಕು, ಅವನು ನಿಂತದ್ದು ಹೊರಗೋ ಒಳಬದಿಯ ಸ್ಲಾಟ್‌ನಲ್ಲೋ, ಕಾರ್ನರ್ ಎಷ್ಟು ಗಜ ದೂರ, ಯಾವ ರೂಟ್ (ಓಡಬೇಕಾದ ನಿಗದಿತ ದಾರಿ), ಅಂತರ ಸಿಕ್ಕಿತೋ ಇಲ್ಲವೋ. ಚೆಂಡು ಅವನ ಕಡೆ ಬಂತೋ ಎಂಬುದು ಕೊನೆಯ ಅಂಕಣ. ಅದನ್ನು ಮೊದಲಿಗೆ ಇಟ್ಟರೆ ಕಣ್ಣು ಫಲಿತಾಂಶದ ಕಡೆಗೇ ವಾಲುತ್ತದೆ.

ಕಾಲೇಜು ನಿಯಮಗಳು ಕೊಡುವ ರಿಯಾಯಿತಿ

ಎರಡೂ ಮೈದಾನಗಳ ಅಗಲ 160 ಅಡಿಯೇ. ಆದರೆ ಪ್ರತಿ ಆಟವೂ ಶುರುವಾಗುವ ನಡುಪಟ್ಟಿಯ ಎರಡು ಅಂಚುಗಳನ್ನು ತೋರಿಸುವ ಹ್ಯಾಶ್ ಗುರುತುಗಳ ನಡುವಿನ ಅಂತರ ಕಾಲೇಜಿನಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು. ಚೆಂಡು ಹ್ಯಾಶ್ ಮೇಲಿದ್ದಾಗ ಕಾಲೇಜಿನಲ್ಲಿ ಅಗಲದ ಬದಿಗೆ 100 ಅಡಿ ಜಾಗವಿರುತ್ತದೆ. ಎನ್‌ಎಫ್‌ಎಲ್‌ನಲ್ಲಿ 89 ಅಡಿ 3 ಇಂಚು. ಅಗಲದ ಬದಿಯಲ್ಲಿ ಸುಲಭವಾಗಿ ಗೆದ್ದ ರೂಟ್‌ಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಇಕ್ಕಟ್ಟಿನ ಬದಿಯಲ್ಲೂ ಗೆಲ್ಲುವವನ ತೂಕ ಹೆಚ್ಚು.

ಓಟವೋ ಎಸೆತವೋ ಎಂದು ಕ್ವಾರ್ಟರ್‌ಬ್ಯಾಕ್ ಆಟದ ನಡುವೆಯೇ ಆರಿಸುವ ಆರ್‌ಪಿಒ ಕ್ಯಾಚ್‌ಗಳನ್ನೂ ಪ್ರತ್ಯೇಕವಾಗಿ ಎಣಿಸಿ. ಇದರಲ್ಲಿ ಲೈನ್‌ಮನ್‌ಗಳು ಓಟದ ಆಟಕ್ಕೆಂದೇ ಮುನ್ನುಗ್ಗುತ್ತಾರೆ, ಎದುರಾಳಿಯ ನಡುಭಾಗದ ರಕ್ಷಕ ಲೈನ್‌ಬ್ಯಾಕರ್ ಓಟವೆಂದು ನಂಬಿ ಮುಂದೆ ಬರುತ್ತಾನೆ, ಅವನು ಬಿಟ್ಟ ಜಾಗಕ್ಕೆ ಓರೆಯಾಗಿ ಒಳಕ್ಕೆ ಓಡುವ ರಿಸೀವರ್‌ಗೆ ಕ್ವಾರ್ಟರ್‌ಬ್ಯಾಕ್ ಸ್ಲಾಂಟ್ ಎಸೆಯುತ್ತಾನೆ. ಕಾಲೇಜಿನಲ್ಲಿ ಲೈನ್‌ಮನ್‌ಗಳು 3 ಗಜ ಮುಂದೆ ಹೋಗಬಹುದು, ಎನ್‌ಎಫ್‌ಎಲ್‌ನಲ್ಲಿ 1 ಗಜ ಮಾತ್ರ. ಆ ಸ್ಲಾಂಟ್‌ನಲ್ಲಿ ರಿಸೀವರ್ ತೋರಿದ ಕೌಶಲ ಕಡಿಮೆ. ಚೆಂಡು ಹಿಡಿದ ಮೇಲೆ ಎಷ್ಟು ಓಡಿದ ಎಂಬುದಷ್ಟೇ ಅವನ ಸ್ವಂತದ್ದು.

ಸೈಡ್‌ಲೈನ್ ಕ್ಯಾಚ್‌ಗೆ ಕಾಲೇಜಿನಲ್ಲಿ ಒಂದು ಪಾದ ಒಳಗೆ ಊರಿದರೆ ಸಾಕು, ಎನ್‌ಎಫ್‌ಎಲ್‌ನಲ್ಲಿ ಎರಡೂ ಬೇಕು. ಬೇಕಿಲ್ಲದಿದ್ದರೂ ಎರಡನೇ ಪಾದವನ್ನು ಎಳೆದು ಊರುವ ಹುಡುಗ ಆಗಲೇ ಮುಂದಿನ ಕೆಲಸಕ್ಕೆ ತಯಾರಾಗುತ್ತಿದ್ದಾನೆ ಎಂದು ಬರೆದುಕೊಳ್ಳಿ.

ರಿಲೀಸ್: ಮೊದಲ ಮೂರು ಹೆಜ್ಜೆ

ಕಾರ್ನರ್ ಮೂತಿಗೆ ಮೂತಿ ತಾಗುವಷ್ಟು ಹತ್ತಿರ ಬಂದು ನಿಲ್ಲುವುದೇ ಪ್ರೆಸ್. ಆಟ ಶುರುವಾಗುವ ಲೈನ್ ಮೇಲೇ ನಿಲ್ಲುವ ಎಕ್ಸ್ ರಿಸೀವರ್‌ಗೆ ಇದರಿಂದ ಬಿಡುಗಡೆಯಿಲ್ಲ. ಒಂದು ಹೆಜ್ಜೆ ಹಿಂದೆ ನಿಲ್ಲುವ ಝಡ್‌ಗೆ, ಒಳಗೆ ನಿಲ್ಲುವ ಸ್ಲಾಟ್‌ಗೆ ತುಸು ಉಸಿರಾಡಲು ಜಾಗವಿದೆ. ಸ್ನ್ಯಾಪ್‌ಗೆ ಮುಂಚೆ ಮೋಷನ್‌ನಲ್ಲಿ ಓಡಿಸಿಯೂ ಅವರನ್ನು ಪ್ರೆಸ್‌ನಿಂದ ತಪ್ಪಿಸಬಹುದು.

ವಿಡಿಯೊವನ್ನು ಕಾಲು ವೇಗಕ್ಕೆ ಇಳಿಸಿ, ಮುಂದಿನ ಪಾದವನ್ನು ನೋಡಿ. ಸ್ನ್ಯಾಪ್ ಆದೊಡನೆ ಆ ಪಾದ ಒಮ್ಮೆ ಹಿಂದಕ್ಕೆ ಜಾರಿ ಆಮೇಲೆ ಮುಂದೆ ಹೋದರೆ ಅದು ದಂಡದ ಹೆಜ್ಜೆ. ಅಷ್ಟರಲ್ಲಿ ಕಾರ್ನರ್‌ನ ಕೈ ಎದೆಗೆ ಬಂದಿರುತ್ತದೆ. ಆಮೇಲೆ ಕೈಗಳು: ಕಾರ್ನರ್‌ನ ಮಣಿಕಟ್ಟನ್ನೋ ಮೊಣಕೈಯನ್ನೋ ಹೊಡೆದು ಬದಿಗೆ ತಳ್ಳುತ್ತಾನೆಯೇ, ಬರೀ ಕಾಲಾಟದಲ್ಲೇ ಕಾಲ ಕಳೆಯುತ್ತಾನೆಯೇ? ಒಂದೇ ಜಾಗದಲ್ಲಿ ನಾಲ್ಕೈದು ಸಲ ಕುಣಿಯುವ ರಿಲೀಸ್ ನೋಡಲು ಚೆಂದ, ಆದರೆ ಕ್ವಾರ್ಟರ್‌ಬ್ಯಾಕ್ ಅಷ್ಟು ಹೊತ್ತು ಕಾಯುವುದಿಲ್ಲ. ಉದ್ದನೆಯ ಗೋ ರೂಟ್‌ನಲ್ಲಿ ಇನ್ನೊಂದು ಗಮನಿಸಿ: ಕಾರ್ನರ್ ತಳ್ಳಿದಾಗ ಸೈಡ್‌ಲೈನ್‌ನಿಂದ ಸುಮಾರು 5 ಗಜದ ಜಾಗ ಉಳಿಸಿಕೊಳ್ಳುತ್ತಾನೆಯೇ? ಗೆರೆಗೆ ಅಂಟಿಕೊಂಡು ಓಡಿದರೆ ಅವನು ಮುಂದಿದ್ದರೂ ಚೆಂಡು ಹಾಕಲು ಜಾಗವೇ ಇರುವುದಿಲ್ಲ.

ಪ್ರೆಸ್ ಎದುರಿಸಿದ ಸ್ನ್ಯಾಪ್‌ಗಳೇ ಇಲ್ಲದಿದ್ದರೆ ‘ದುರ್ಬಲ’ ಎಂದು ಬರೆಯಬೇಡಿ, ‘ನೋಡಿಲ್ಲ’ ಎಂದು ಬರೆಯಿರಿ. ಜಸ್ಟಿನ್ ಜೆಫರ್ಸನ್ 2019ರಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಪರ 111 ಕ್ಯಾಚ್, 1,540 ಗಜ, 18 ಟಚ್‌ಡೌನ್ ಮಾಡಿದ್ದು ಬಹುಪಾಲು ಸ್ಲಾಟ್‌ನಿಂದ. 2020ರ ಡ್ರಾಫ್ಟ್‌ನಲ್ಲಿ ಅವನಿಗಿಂತ ಮುಂಚೆ ನಾಲ್ವರು ರಿಸೀವರ್‌ಗಳು ಹೋದರು, ಅವನು 22ನೆಯವನಾದ. ಮೊದಲ ವರ್ಷವೇ 1,400 ಗಜ ಗಳಿಸಿದ. ಅವನು ಹೊರಗೆ ಆಡಿದ್ದ 2018ರ ವಿಡಿಯೊ ಎಲ್ಲರ ಮುಂದೆಯೇ ಇತ್ತು. ಹಿಂದಿನ ವರ್ಷದ ಒಂದು ಪಂದ್ಯ ಸೇರಿಸಿ ಎಂದದ್ದು ಇದಕ್ಕೇ.

ರೂಟ್: ಬ್ರೇಕ್ ಹಾಕುವ ಜಾಗ

12 ಗಜ ಓಡಿ ತಿರುಗಿ ನಿಲ್ಲುವ ಕರ್ಲ್ ರೂಟ್ ಒಂದನ್ನು ತೆಗೆದುಕೊಳ್ಳಿ. ಪೂರ್ತಿ ವೇಗದಿಂದ ನಿಲ್ಲಲು ಎಷ್ಟು ಹೆಜ್ಜೆ ಬೇಕಾಯಿತು ಎಣಿಸಿ. ಮೂರರಲ್ಲಿ ನಿಂತರೆ ಬಹಳ ಒಳ್ಳೆಯದು. ಐದಾರು ಬೇಕಾದರೆ ಕಾರ್ನರ್‌ಗೆ ಮೊದಲೇ ಸುಳಿವು ಸಿಗುತ್ತದೆ. ಸೊಂಟ ಕೆಳಗಿಳಿದು, ತಲೆ ಅದೇ ದಿಕ್ಕಿನಲ್ಲಿ, ಭುಜ ಮೊಣಕಾಲಿನ ಮೇಲಕ್ಕೆ ಬಾಗಿರಬೇಕು. ನಿಲ್ಲುವ ಮುನ್ನ ಎದೆ ಸೆಟೆದು ನೇರವಾದರೆ ಆಟ ಬಯಲಾದಂತೆ.

ಈಗ ಅದೇ ಆಟವನ್ನು ಇನ್ನೊಮ್ಮೆ ಹಾಕಿ, ರಿಸೀವರ್‌ನನ್ನು ಬಿಟ್ಟು ಕಾರ್ನರ್‌ನ ಸೊಂಟ ನೋಡಿ. ರಿಸೀವರ್ ತಿರುಗುವಾಗ ಕಾರ್ನರ್‌ನ ಸೊಂಟ ಇನ್ನೂ ಎಂಡ್ ಝೋನ್ ಕಡೆಗೇ ತೆರೆದಿದ್ದರೆ ಅಂತರವನ್ನು ರಿಸೀವರ್ ಸಂಪಾದಿಸಿದ್ದಾನೆ. ಕಾರ್ನರ್ ಮೊದಲಿನಿಂದಲೂ 9 ಗಜ ಹಿಂದೆ ನಿಂತು ಅಲ್ಲೇ ಕಾಯುತ್ತಿದ್ದರೆ ಆ ಕ್ಯಾಚ್‌ಗೆ ಅಂಕ ಕೊಡುವ ಅಗತ್ಯವಿಲ್ಲ. ಕರ್ಲ್‌ನಿಂದ ತಿರುಗಿದ ಮೇಲೆ ಚೆಂಡಿನ ಕಡೆಗೆ ವಾಪಸ್ ಬರುತ್ತಾನೆಯೇ? ಅಡ್ಡಕ್ಕೆ ಓಡುವ ಡಿಗ್‌ನಲ್ಲಿ ತಿರುವನ್ನು ಉರುಟಾಗಿಸಿ ಮೇಲಕ್ಕೆ ತೇಲಿದರೆ ಕಾರ್ನರ್ ಮುಂದಿನಿಂದ ನುಗ್ಗಿ ಚೆಂಡು ಕಸಿಯುತ್ತಾನೆ. ಕಾಲೇಜು ವಿಡಿಯೊಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ, ಕಲಿಸಿ ಸರಿಪಡಿಸಬಹುದಾದ ತಪ್ಪೂ ಹೌದು. ಸೊಂಟ ಬಾಗದಿರುವುದನ್ನು ಸರಿಪಡಿಸುವುದು ಬಹಳ ಕಷ್ಟ.

ರೂಟ್‌ಗಳನ್ನು ಎಣಿಸಿದಾಗ ಹಾಳೆಯಲ್ಲಿ ಮೂರೇ ಬಗೆ ತುಂಬಿದ್ದರೆ ಅಲ್ಲಿ ಯೋಜನೆಯ ಕೈವಾಡ ಇದೆ. 2022ರಲ್ಲಿ ಟೆನೆಸಿಯ ಜಾಲಿನ್ ಹಯಾಟ್ ಅಲಬಾಮಾ ವಿರುದ್ಧ ಒಂದೇ ಪಂದ್ಯದಲ್ಲಿ 5 ಟಚ್‌ಡೌನ್ ಹಿಡಿದ, ಆ ವರ್ಷದ ಶ್ರೇಷ್ಠ ರಿಸೀವರ್‌ಗೆ ಕೊಡುವ ಬಿಲೆಟ್ನಿಕಾಫ್ ಪ್ರಶಸ್ತಿ ಗೆದ್ದ. ಆದರೂ 2023ರ ಡ್ರಾಫ್ಟ್‌ನಲ್ಲಿ ಅವನು ಹೋದದ್ದು ಮೂರನೇ ಸುತ್ತಿನಲ್ಲಿ, 73ನೆಯವನಾಗಿ. ಟೆನೆಸಿ ರಿಸೀವರ್‌ಗಳನ್ನು ಸೈಡ್‌ಲೈನ್‌ವರೆಗೂ ಹರಡಿ ನಿಲ್ಲಿಸಿ ರಕ್ಷಣೆಯನ್ನು ಎಳೆದುಬಿಡುತ್ತಿತ್ತು; ನಡುವೆ ಮುಟ್ಟುವವರಿಲ್ಲದೆ ಓಡುವ ಜಾಗ ಸಿಗುತ್ತಿತ್ತು. ಅವನ ವೇಗ ನಿಜವಾದದ್ದೇ. ಉಳಿದ ರೂಟ್‌ಗಳಿಗೆ ಸಾಕ್ಷಿ ಕಡಿಮೆ ಇತ್ತು.

ಕೈಗಳು

ಎದೆಗಿಂತ ಮೇಲೆ ಬಂದ ಚೆಂಡಿಗೆ ಹೆಬ್ಬೆರಳುಗಳು ಜೊತೆಗೂಡಬೇಕು, ಸೊಂಟದ ಕೆಳಗಿನದಕ್ಕೆ ಕಿರುಬೆರಳುಗಳು. ಎದೆಗೆ ಅಪ್ಪಿಕೊಂಡು ಹಿಡಿಯುವವನ ಕೈಯಿಂದ ಕಾರ್ನರ್ ಚೆಂಡು ತಟ್ಟಿಬಿಡುತ್ತಾನೆ. ಉದ್ದ ಎಸೆತದಲ್ಲಿ ಕೈ ಎತ್ತುವುದು ಎಷ್ಟು ತಡವಾದರೆ ಅಷ್ಟು ಒಳ್ಳೆಯದು, ಏಕೆಂದರೆ ಚೆಂಡಿಗೆ ಬೆನ್ನು ಮಾಡಿರುವ ಕಾರ್ನರ್ ಓದುವುದು ರಿಸೀವರ್‌ನ ಕಣ್ಣು, ಕೈಗಳನ್ನೇ. ಬಿಟ್ಟ ಕ್ಯಾಚ್‌ಗಳ ಪಕ್ಕ ಕಾರಣವನ್ನೂ ಬರೆಯಿರಿ: ಹಿಡಿಯುವ ಮೊದಲೇ ಓಡಲು ತಿರುಗಿದನೋ, ಕೈಯ ಆಕಾರ ತಪ್ಪಿತೋ, ಏಟು ಬೀಳುತ್ತದೆಂದು ಹೆದರಿದನೋ. ಮೂರನೆಯದು ನಿಜವಾಗಿ ಚಿಂತೆಯದ್ದು.

ಕಾರ್ನರ್‌ನ ತಲೆಮೇಲೆ ಹಾರಿ ಕಿತ್ತುಕೊಂಡ ಕ್ಯಾಚ್‌ಗಳು ಪುಟ ತುಂಬಾ ಇದ್ದರೆ ಖುಷಿಪಡುವ ಮುನ್ನ ಅಂತರದ ಅಂಕಣ ನೋಡಿ. ಎತ್ತರದ ಹುಡುಗರು ಕಾಲೇಜಿನ ಕುಳ್ಳ ಕಾರ್ನರ್‌ಗಳ ಮೇಲೆ ಹೀಗೆ ಬದುಕಿಬಿಡುತ್ತಾರೆ. ಅಂತರ ಮಾಡಲು ಬಾರದ್ದರಿಂದಲೇ ಪ್ರತಿ ಕ್ಯಾಚೂ ಜಗಳವಾಗಿರಬಹುದು.

ಅಳತೆ ಮತ್ತು ಅಂಕಿ

ಡ್ರಾಫ್ಟ್‌ಗೆ ಮುನ್ನ ಆಟಗಾರರನ್ನು ಅಳೆದು ಪರೀಕ್ಷಿಸುವ ಇಂಡಿಯಾನಾಪೊಲಿಸ್‌ನ ಕಂಬೈನ್‌ನಲ್ಲಿ ಎತ್ತರವನ್ನು ನಾಲ್ಕು ಅಂಕಿಗಳಲ್ಲಿ ಬರೆಯುತ್ತಾರೆ: 6012 ಎಂದರೆ 6 ಅಡಿ, 01 ಇಂಚು, ಮೇಲೆ ಎಂಟನೇ ಎರಡು ಇಂಚು. ಕಾಲೇಜು ವೆಬ್‌ಸೈಟ್ ಹೇಳುವ ಎತ್ತರವನ್ನು ನಂಬದೆ ಇದನ್ನೇ ಇಟ್ಟುಕೊಳ್ಳಿ.

40 ಗಜದ ಓಟಕ್ಕೆ ಅತಿಯಾಗಿ ಮರುಳಾಗುವುದು ಹಳೆಯ ಕಾಯಿಲೆ. 2017ರಲ್ಲಿ ಜಾನ್ ರಾಸ್ 4.22 ಸೆಕೆಂಡಿನಲ್ಲಿ ಓಡಿ 9ನೆಯವನಾಗಿ ಆಯ್ಕೆಯಾದ. ಅದೇ ವರ್ಷ 4.62ರಲ್ಲಿ ಓಡಿದ ಕೂಪರ್ ಕಪ್ 69ನೆಯವನಾದ. 2021ರಲ್ಲಿ 145 ಕ್ಯಾಚ್, 1,947 ಗಜ, 16 ಟಚ್‌ಡೌನ್‌ಗಳಿಂದ ಮೂರರಲ್ಲೂ ಲೀಗ್‌ಗೆ ಮೊದಲಿಗನಾದ. ಓಟದ ಸಮಯ ವಿಡಿಯೊದಲ್ಲಿ ಕಂಡದ್ದಕ್ಕೆ ತಾಳೆಯಾದರೆ ಮುಂದೆ ಹೋಗಿ. ಆಗದಿದ್ದರೆ ವಿಡಿಯೊಗೆ ವಾಪಸ್ ಹೋಗಿ, ಅಂಕವನ್ನು ಅಲ್ಲೇ ತಿದ್ದಬೇಡಿ. ಡಿ.ಕೆ. ಮೆಟ್‌ಕಾಫ್ 228 ಪೌಂಡ್ ತೂಗುತ್ತ 4.33ರಲ್ಲಿ ಓಡಿದ, ತಿರುವುಗಳ ತ್ರೀ-ಕೋನ್ ಡ್ರಿಲ್‌ಗೆ 7.38 ಸೆಕೆಂಡ್ ತೆಗೆದುಕೊಂಡ. ತಿರುವು ಬಾರದು ಎಂದು ತಳ್ಳಿಹಾಕಿದವರು ಅವನಿಗೆ ನೇರ ಓಟದ ಪಾತ್ರವಿದೆಯೆಂದು ಮರೆತರು. ಅವನು 64ನೆಯವನಾಗಿ ಸಿಕ್ಕ.

ಕ್ಯಾಚ್‌ಗಳ ಒಟ್ಟು ಸಂಖ್ಯೆಗಿಂತ ತಂಡದಲ್ಲಿ ಅವನ ಪಾಲು ನೋಡಿ. ತಂಡ ಪಾಸಿಂಗ್‌ನಲ್ಲಿ 3,000 ಗಜ, 25 ಟಚ್‌ಡೌನ್ ಮಾಡಿ, ಅದರಲ್ಲಿ ಇವನದು 1,050 ಗಜ, 10 ಟಚ್‌ಡೌನ್ ಆಗಿದ್ದರೆ 35% ಮತ್ತು 40%, ಸರಾಸರಿ 37.5%. ಸಾಮಾನ್ಯವಾಗಿ 30% ದಾಟಿದರೆ ಒಳ್ಳೆಯ ಗುರುತು. ಇನ್ನೊಂದು, ಓಡಿದ ರೂಟ್‌ಗೆ ಎಷ್ಟು ಗಜ: 350 ರೂಟ್‌ಗೆ 1,050 ಗಜವಾದರೆ 3.0, ಅದು ಅತ್ಯುತ್ತಮ. ಗಾಯಗೊಂಡವರನ್ನು ಅನ್ಯಾಯವಾಗಿ ಬಿಟ್ಟುಬಿಡದಂತೆ ಕಾಯುವುದು ಈ ಎರಡನೇ ಲೆಕ್ಕ. ಪುಕಾ ನಕುವಾ 2022ರಲ್ಲಿ 9 ಪಂದ್ಯಗಳಿಂದ 48 ಕ್ಯಾಚ್, 625 ಗಜ ಮಾತ್ರ ಗಳಿಸಿದ್ದ, 177ನೆಯವನಾಗಿ ಹೋದ. 2023ರ ತನ್ನ ಮೊದಲ ಎನ್‌ಎಫ್‌ಎಲ್ ಋತುವಿನಲ್ಲಿ 105 ಕ್ಯಾಚ್, 1,486 ಗಜದೊಂದಿಗೆ ಹೊಸಬರ ದಾಖಲೆ ಬರೆದ. ವಯಸ್ಸನ್ನೂ ಪಕ್ಕದಲ್ಲಿ ಬರೆಯಿರಿ: 19ರಲ್ಲಿ ಮಾಡಿದ್ದಕ್ಕೂ, 23ರಲ್ಲಿ ಹದಿಹರೆಯದ ಕಾರ್ನರ್‌ಗಳ ಎದುರು ಮಾಡಿದ್ದಕ್ಕೂ ಒಂದೇ ಬೆಲೆಯಲ್ಲ.

ವರದಿ

ಮೊದಲ ಸಾಲಿನಲ್ಲಿ ಪಾತ್ರ ಬರೆಯಿರಿ: ಎಕ್ಸ್, ಝಡ್ ಅಥವಾ ಸ್ಲಾಟ್. ಎರಡನೆಯದರಲ್ಲಿ ಮೊದಲ ದಿನದಿಂದಲೇ ಗೆಲ್ಲಬಲ್ಲ ಎರಡು ರೂಟ್. ಮೂರನೆಯದರಲ್ಲಿ ಕಲಿಸಬಹುದಾದ ದೋಷ, ನಾಲ್ಕನೆಯದರಲ್ಲಿ ಕಲಿಸಲಾಗದ್ದು, ಐದನೆಯದರಲ್ಲಿ ವಿಡಿಯೊದಲ್ಲಿ ನೋಡಲು ಸಿಗದೇ ಹೋದದ್ದು. ಅವನ ತಂಡದ ಓಟದ ಆಟಗಳಲ್ಲಿ ಬ್ಲಾಕ್ ಮಾಡುತ್ತಾನೆಯೇ, ಪಂಟ್ (ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವುದು) ಆದಾಗ ಓಡಿಹೋಗಿ ಟ್ಯಾಕಲ್ ಮಾಡುತ್ತಾನೆಯೇ ಎಂಬುದಕ್ಕೂ ಒಂದು ಸಾಲಿರಲಿ. ಒಹಾಯೊ ಸ್ಟೇಟ್‌ನ ಟೆರಿ ಮೆಕ್‌ಲಾರಿನ್ 2018ರಲ್ಲಿ 35 ಕ್ಯಾಚ್ ಮಾತ್ರ ಹಿಡಿದಿದ್ದ, ಆದರೆ ಪಂಟ್ ತಂಡದಲ್ಲಿ ಅವನ ಓಟ ಎದ್ದು ಕಾಣುತ್ತಿತ್ತು. 2019ರಲ್ಲಿ 76ನೆಯವನಾಗಿ ಹೋಗಿ ತಂಡದ ಮುಖ್ಯ ರಿಸೀವರ್ ಆದ. ನಾಲ್ಕನೇ, ಐದನೇ ಸುತ್ತಿನ ರಿಸೀವರ್ ಮೊದಲ ವರ್ಷ ತಂಡದಲ್ಲಿ ಉಳಿಯುವುದು ಬಹಳ ಸಲ ಇಂಥ ಕೆಲಸದ ಬಲದಿಂದಲೇ. ಸುತ್ತಿನ ಅಂದಾಜನ್ನು ವರದಿಯ ಕೊನೆಗೆ ಹಾಕಿ, ಬೇರೆಯವರ ಪಟ್ಟಿಗಳನ್ನು ಅದಾದ ಮೇಲೆ ತೆರೆಯಿರಿ.