ಗರಿಕೆ, ಹೊಯ್ಗೆ ಮತ್ತು ಹದಿನಾರು ಲಕ್ಷದ ನಷ್ಟ

"ಎಂತದು ಮಾರಾಯ್ರೇ, ಜನ ಕುಡಿಯುವ ನೀರಿಗೆ ಕೊಡ ಹಿಡಿದು ನಿಂತಿರುವಾಗ ನೀವು ಹುಲ್ಲಿಗೆ ನೀರು ಬಿಡುವುದಾ?"

ಮೊದಲ ಮೀಟಿಂಗಿನಲ್ಲೇ ಒಬ್ಬರು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ಮಂಗಳೂರಿಗೆ ಸರದಿ ಮೇಲೆ ನೀರು ಕೊಟ್ಟದ್ದನ್ನು ಯಾರೂ ಮರೆತಿರಲಿಲ್ಲ.

ನಾನು ಹುಲ್ಲಿನ ಗುತ್ತಿಗೆದಾರ. ಗಾಲ್ಫ್ ಮೈದಾನ, ಉಡುಪಿ ಕಡೆಯದ್ದು, ಒಂಬತ್ತು ಹೋಲ್ (ಚೆಂಡು ಬೀಳಿಸುವ ಕುಳಿ), ಸಾರ್ವಜನಿಕ. ಹೆಸರು ಬೇಡ. ವರ್ಷಕ್ಕೆ ಖರ್ಚು ಸುಮಾರು 38 ಲಕ್ಷ, ಬರುತ್ತಿದ್ದದ್ದು 22. ಉಳಿದದ್ದು ಊರಿನ ದುಡ್ಡು. ಮುಚ್ಚಿ ಸೈಟ್ ಮಾಡಿ ಎನ್ನುವವರೇ ಜಾಸ್ತಿ. ಆಡುವವರು ಅರವತ್ತು ಜನ, ಅವರ ಆಟಕ್ಕೆ ಮೀನು ಮಾರುವ ಅಕ್ಕ ಯಾಕೆ ತೆರಿಗೆ ಕಟ್ಟಬೇಕು? ಆ ಮಾತು ನನಗೂ ಸರಿ ಅನ್ನಿಸಿತ್ತು.

ಮೊದಲ ಮಳೆಗಾಲದಲ್ಲೇ ಮುಗ್ಗರಿಸಿದೆ. ಕೆಲಸ ಕಲಿತದ್ದು ಬೆಂಗಳೂರಿನಲ್ಲಿ. ಅಲ್ಲಿ ವರ್ಷಕ್ಕೆ ಒಂದು ಮೀಟರಿನಷ್ಟು ಮಳೆ, ಇಲ್ಲಿ ನಾಲ್ಕು ಮೀಟರ್ ಹತ್ತಿರ. ಅದೇ ಅಭ್ಯಾಸದಲ್ಲಿ ಜೂನ್‌ನಲ್ಲೂ ಗ್ರೀನನ್ನು, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲನ್ನು, ನಾಲ್ಕು ಮಿಲಿಮೀಟರಿಗೆ ಕತ್ತರಿಸುತ್ತಾ ಹೋದೆ. ಆಟಿ ತಿಂಗಳ ಮಳೆಯಲ್ಲಿ ಬಿಸಿಲಿಲ್ಲ, ಅಡಿಯಲ್ಲಿ ಮುರಕಲ್ಲು (ಜಂಬಿಟ್ಟಿಗೆ). ಮೂರು ಗ್ರೀನ್ ಹಾವಸೆ ಹಿಡಿದು ಸತ್ತವು. ಫಂಗಸ್ ಎಂದುಕೊಂಡು ಮದ್ದು ಹೊಡೆದೆ, ಅದೂ ದಂಡ. ಎರಡೂವರೆ ಲಕ್ಷ ನನ್ನ ಕೈಯಿಂದಲೇ ಹೋಯಿತು. ಹೆಂಡತಿಗೆ ಇವತ್ತಿಗೂ ಪೂರ್ತಿ ಲೆಕ್ಕ ಹೇಳಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ನಲವತ್ತು ಎಕರೆಯಲ್ಲಿ ಗ್ರೀನ್ ಎಲ್ಲ ಸೇರಿ ಒಂದು ಎಕರೆಯೂ ಇಲ್ಲ. ದುಡ್ಡಿನಲ್ಲಿ ಅರ್ಧ ಅಲ್ಲಿಗೇ! ಹಾಗಾಗಿ ಮಳೆಗಾಲದ ನಾಲ್ಕು ತಿಂಗಳು ಮೂರೇ ಗ್ರೀನ್ ಇಟ್ಟೆ, ಅದೂ ಎತ್ತರ ಎಂಟು ಮಿಲಿಮೀಟರಿಗೆ. ಮಿಕ್ಕ ಕಡೆ ಫೇರ್‌ವೇ (ಗ್ರೀನಿಗೆ ಹೋಗುವ ದಾರಿಯ ಹುಲ್ಲು) ಮೇಲೆಯೇ ಕುಳಿ ತೋಡಿದೆವು. ಮೆಂಬರುಗಳು ಬೈದರು, ಆಡಿದರು. ದೂರದ ರಫ್‌ಗೆ, ಅಂದರೆ ಅಂಚಿನ ಒರಟು ಹುಲ್ಲಿಗೆ, ಮೆಷಿನ್ ಹಾಕುವುದನ್ನೇ ಬಿಟ್ಟೆ, ಅಲ್ಲಿ ಈಗ ಮುಳಿಹುಲ್ಲು. ನೀರಿಗೆ ಒಂದು ಅಪಾರ್ಟ್‌ಮೆಂಟಿನ ಎಸ್‌ಟಿಪಿ ನೀರು (ಶುದ್ಧೀಕರಿಸಿದ ಕೊಳಚೆ ನೀರು) ಹಿಡಿದೆ. ಅವರಿಗೆ ಅದನ್ನು ಎಲ್ಲಿ ಬಿಡುವುದು ಎಂಬ ತಲೆನೋವು, ನನಗೆ ಟ್ಯಾಂಕರ್ ಬಾಡಿಗೆ ಮಾತ್ರ. ಗ್ರೀನಿಗೆ ಹಾಕುವ ಹೊಯ್ಗೆಗೂ (ಮರಳಿಗೂ) ಒಂದು ವಸ್ತು ಬೆರೆಸುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ಖರ್ಚು 28-29 ಲಕ್ಷಕ್ಕೆ ಇಳಿಯಿತು. ಆದರೆ ಮೀನಿನ ಅಕ್ಕನ ಪ್ರಶ್ನೆ ಹಾಗೇ ಇತ್ತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ನಿಮಗೆ ಗೊತ್ತಲ್ಲ, ಅಲ್ಲಿನ ಓಲ್ಡ್ ಕೋರ್ಸಿನಲ್ಲಿ ಸಾಮಾನ್ಯವಾಗಿ ಭಾನುವಾರ ಆಟ ಇಲ್ಲ. ಊರಿನವರು ನಾಯಿ ಹಿಡಿದು ತಿರುಗಾಡುತ್ತಾರೆ. ಇಲ್ಲೂ ಭಾನುವಾರ ಗೇಟು ತೆರೆಯೋಣ, ಎಲ್ಲರಿಗೂ ಉಚಿತ ಎಂದೆ. ಉಳಿದ ದಿನ ಬೆಳಿಗ್ಗೆ ಏಳರವರೆಗೆ ವಾಕಿಂಗ್, ತಿಂಗಳಿಗೆ 200 ರೂಪಾಯಿ. "ಯಾರು ಬರ್ತಾರೆ?" ಎಂದು ಕಮಿಟಿ ನಕ್ಕಿತು. ಇನ್ನೂರರ ಹತ್ತಿರ ಜನ ಸೇರಿದರು. ವರ್ಷಕ್ಕೆ ನಾಲ್ಕು ಲಕ್ಷ ಚಿಲ್ಲರೆ. ಈಗ ಊರು ಕೊಡುವುದು ಎರಡೂವರೆ ಲಕ್ಷದಷ್ಟು. ಆಡುವವರ ಗ್ರೀನಿಗೆ ಊರಿನ ದುಡ್ಡು ಕೇಳಲು ನನಗೆ ನಾಚಿಕೆ. ನಲವತ್ತು ಎಕರೆ ಖಾಲಿ ಜಾಗ ಉಳಿಸಲು ಕೇಳುತ್ತೇನೆ, ಜೋರಾಗಿಯೇ ಕೇಳುತ್ತೇನೆ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದ್ದೆ. ಏಪ್ರಿಲ್‌ನಲ್ಲಿ ಉಪ್ಪಾಗುವ ಬಾವಿಯ ಪಕ್ಕ ಎರಡು ಸೆಂಟ್ಸ್ ಜಾಗದಲ್ಲಿ ಪಾಸ್ಪಾಲಮ್ ಎಂಬ ಹುಲ್ಲು ಹಾಕಿದೆ. ಉಪ್ಪುನೀರಿಗೂ ಚೆನ್ನಾಗಿ ಬಂತು, ಚೆಂಡು ಮಾತ್ರ ಓಡಲಿಲ್ಲ. ಬರ್ಮುಡಾ ಹುಲ್ಲು ಅಂದರೆ ನಮ್ಮ ಗಣಪತಿಯ ಗರಿಕೆಯೇ ಅಲ್ವಾ? ಚೌತಿಗೆ ಫೇರ್‌ವೇ ಅಂಚಿನಲ್ಲಿ ಕೊಯ್ಯಲು ಬಿಟ್ಟೆ. ಆವತ್ತು ಬಂದಷ್ಟು ಜನ ಯಾವ ಟೂರ್ನಮೆಂಟಿಗೂ ಬಂದಿಲ್ಲ.

ಕಾಡುಹಂದಿಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಒಂದೇ ರಾತ್ರಿ ಅರ್ಧ ಫೇರ್‌ವೇ ಉತ್ತು ಹಾಕುತ್ತದೆ. ಬೇಲಿ, ದೀಪ, ಗರ್ನಾಲು ಪಟಾಕಿ ಎಲ್ಲ ಆಯ್ತು. ಯಾರಿಗಾದರೂ ನಿಜವಾಗಿ ಹಿಡಿದ ಉಪಾಯ ಗೊತ್ತಿದ್ದರೆ ಹೇಳಿ, ಹೊಯ್ಗೆಗೆ ಏನು ಬೆರೆಸುತ್ತೇನೆಂದು ನಾನೂ ಹೇಳುತ್ತೇನೆ.