ಮುಖಕ್ಕೆ ಲೇಸರ್ ಮಾಡಿಸುವ ಮುನ್ನ: ಕರಾವಳಿಯವರು ಹಾಕಬೇಕಾದ ಲೆಕ್ಕ

ಮೊದಲು ಕ್ಯಾಲೆಂಡರ್ ತೆಗೆಯಿರಿ, ಕ್ಲಿನಿಕ್ ಹುಡುಕುವುದು ಆಮೇಲೆ. ಮೊಡವೆ ಗುಳಿ, ಸುಕ್ಕು, ಕಪ್ಪು ಕಲೆ ಯಾವುದಕ್ಕೇ ಆಗಲಿ, ಲೇಸರ್ ಅಂದರೆ ಅಳತೆ ಮಾಡಿ ಕೊಡುವ ಸುಟ್ಟಗಾಯ. ಆ ಗಾಯ ಮಾಯುವಾಗ ಹೊಸ ಕೊಲಾಜನ್ (ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನ್) ಹುಟ್ಟಿ ಚರ್ಮ ನಯವಾಗುತ್ತದೆ. ಆದರೆ ನಮ್ಮ ಕಡೆಯವರ ಚರ್ಮ, ಬಣ್ಣದ ಮೇಲೆ ಚರ್ಮವನ್ನು ಆರು ಬಗೆಯಾಗಿ ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಅಳತೆಯಲ್ಲಿ, ಹೆಚ್ಚಾಗಿ 4 ಅಥವಾ 5ನೇ ಬಗೆಯದು. ಸೊಳ್ಳೆ ಕಚ್ಚಿದ ಜಾಗವೂ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುವ ಚರ್ಮ ಇದು. ಗಾಯ ಹಸಿಯಾಗಿರುವಾಗ ಬಿಸಿಲು ಬಿದ್ದರೆ ಗುಳಿ ತುಂಬುವ ಬದಲು ಮುಖವೇ ಕಪ್ಪಾಗುತ್ತದೆ.

ಬೆಂಗಳೂರಿನವರು ಡಿಸೆಂಬರ್‌ನಲ್ಲಿ ಮಾಡಿಸಿದರು ಅಂತ ನಾವೂ ಹೊರಡಬಾರದು. ಮಂಗಳೂರು, ಉಡುಪಿಯಲ್ಲಿ ಆಗ ಆಕಾಶದಲ್ಲಿ ಮೋಡ ಕಡಿಮೆ. ಕಂಬಳ, ಕೋಲ, ಜಾತ್ರೆ ಅಂತ ಹೊರಗೆ ಓಡಾಟವೂ ಹೆಚ್ಚು. ಆಳವಾದ ಲೇಸರಿಗೆ ಇಲ್ಲಿ ಒಳ್ಳೆಯ ಕಾಲ ಜೂನ್‌ನಿಂದ ಸೆಪ್ಟೆಂಬರ್. ಅದರಲ್ಲೂ ತುಳುವರ ಆಟಿ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಹೇಳಿಮಾಡಿಸಿದಂತಿದೆ: ಮದುವೆ, ಗೃಹಪ್ರವೇಶಗಳಿಲ್ಲ, ಹಕ್ಕಳೆ ಕಟ್ಟಿದ ಮುಖ ಹೊತ್ತು ವಾರವಿಡೀ ಮನೆಯಲ್ಲೇ ಇದ್ದರೂ ಯಾರೂ ಕೇಳುವುದಿಲ್ಲ. ಮಲ್ಪೆ ಬಂದರಿನಲ್ಲಿ, ಮಂಗಳೂರು ದಕ್ಕೆಯಲ್ಲಿ ದೋಣಿ ಕೆಲಸಕ್ಕೆ ಹೋಗುವವರಿಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧವೇ ಸರಿಯಾದ ಸಮಯ. ಮಳೆಗಾಲವೆಂದು ಸನ್‌ಸ್ಕ್ರೀನ್ ಮಾತ್ರ ಬಿಡುವಂತಿಲ್ಲ, ತೆಳು ಮೋಡ ಅತಿನೇರಳೆ ಕಿರಣವನ್ನು ಪೂರ್ತಿ ತಡೆಯುವುದಿಲ್ಲ.

ಡಿಸೆಂಬರ್‌ನಲ್ಲಿ ಮದುವೆ ಇದ್ದರೆ ಹಿಂದಕ್ಕೆ ಎಣಿಸಿ. ಆರು ವಾರಗಳ ಅಂತರದಲ್ಲಿ ಮೂರು ಸಿಟ್ಟಿಂಗ್ ಅಂದರೆ ಜೂನ್ ಆರಂಭ, ಜುಲೈ ನಡುವೆ, ಆಗಸ್ಟ್ ಕೊನೆ. ನಂತರದ ಮೂರು ತಿಂಗಳು ಚರ್ಮಕ್ಕೆ ಬಿಡಿ. ಕೊಲಾಜನ್ ಕಟ್ಟುವ ಕೆಲಸ ಮೂರರಿಂದ ಆರು ತಿಂಗಳು ನಡೆಯುತ್ತದೆ. ನವೆಂಬರ್‌ನಲ್ಲಿ ‘ಇನ್ನೊಂದು ಸಲ ಹೊಡೆಸಿಬಿಡುವ’ ಎಂಬ ಆಸೆ ಬೇಡ. ಕ್ರೈಸ್ತರ ಮದುವೆಗೆ ಮೊದಲು ನಡೆಯುವ ರೋಸ್ ಶಾಸ್ತ್ರಕ್ಕೆ ಕೂರುವವರ ಮುಖಕ್ಕೆ ತೆಂಗಿನ ಹಾಲು, ಎಣ್ಣೆ ಸುರಿಯುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಗಲ್ಫ್‌ನಿಂದ ಒಂದು ತಿಂಗಳ ರಜೆಗೆ ಬಂದವರು ಮಾಡಿಸುವುದಾದರೆ ಸಣ್ಣ ಜಾಗದ ಪರೀಕ್ಷೆಯನ್ನು (ಟೆಸ್ಟ್ ಸ್ಪಾಟ್) ಹಿಂದಿನ ರಜೆಯಲ್ಲೇ ಮುಗಿಸಿಕೊಂಡು, ಊರು ಮುಟ್ಟಿದ ಮೊದಲ ಮೂರು ನಾಲ್ಕು ದಿನದಲ್ಲೇ ಮಾಡಿಸಬೇಕು. ವಿಮಾನ ಹತ್ತುವ ಹಿಂದಿನ ವಾರ ಮಾಡಿಸಿ ದುಬೈ ಬಿಸಿಲಿಗೆ ಇಳಿದರೆ ಕಪ್ಪಾಗುವ ಅಪಾಯ ತುಂಬಾ ಹೆಚ್ಚು.

ಯಾವ ತೊಂದರೆಗೆ ಯಾವ ಲೇಸರ್

‘ಲೇಸರ್’ ಎಂಬ ಒಂದೇ ಹೆಸರಿನಲ್ಲಿ ಹತ್ತು ಯಂತ್ರಗಳಿವೆ. ಮೊಡವೆಯ ಆಳ ಗುಳಿಗೆ, ಸುಕ್ಕಿಗೆ ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್, ಅಂದರೆ 10,600 ನ್ಯಾನೋಮೀಟರ್ ತರಂಗಾಂತರದ ಲೇಸರ್. ಇದು ಚರ್ಮದಲ್ಲಿನ ನೀರನ್ನು ಕುದಿಸಿ ಸೂಜಿಮೊನೆಯಷ್ಟು ಸಣ್ಣ ತೂತುಗಳನ್ನು ಕೊರೆಯುತ್ತದೆ, ನಡುವಿನ ಚರ್ಮವನ್ನು ಹಾಗೇ ಬಿಡುತ್ತದೆ. ಬೇಗ ಮಾಯುವುದು ಆ ಬಿಟ್ಟ ಚರ್ಮದಿಂದಲೇ. ವಾರ ರಜೆ ಹಾಕಲಾಗದವರಿಗೆ 1550 ನ್ಯಾನೋಮೀಟರಿನ ಎರ್ಬಿಯಂ ಗ್ಲಾಸ್ ಇದೆ. ಮೇಲ್ಪದರ ಒಡೆಯುವುದಿಲ್ಲ, ಎರಡು ಮೂರು ದಿನ ಕೆಂಪು, ಊತ ಅಷ್ಟೇ. ಸಿಟ್ಟಿಂಗ್ ಮಾತ್ರ ಹೆಚ್ಚು ಬೇಕು. ಕಂದು ಚುಕ್ಕೆ, ಹಚ್ಚೆಗೆ ಕ್ಯೂ-ಸ್ವಿಚ್ಡ್ ಎನ್‌ಡಿ ಯಾಗ್. ನಮ್ಮ ಬಣ್ಣಕ್ಕೆ ಅದರ 1064 ನ್ಯಾನೋಮೀಟರ್ ಕಿರಣ ವಾಸಿ, 532ರ ಹಸಿರು ಕಿರಣವನ್ನು ಮೇಲ್ಪದರದಲ್ಲಿ ಬಣ್ಣ ಕೊಡುವ ಮೆಲನಿನ್ನೇ ಹೀರಿಕೊಳ್ಳುವುದರಿಂದ ಸುಡುವ ಅಪಾಯ ಹೆಚ್ಚು. ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್) ಲೇಸರೇ ಅಲ್ಲ, ಹಲವು ತರಂಗಾಂತರಗಳ ಬೆಳಕು. ಕಪ್ಪು ಚರ್ಮಕ್ಕೆ ಅದನ್ನು ‘ಸೌಮ್ಯ’ ಎಂದು ಮಾರುವವರ ಮಾತು ನಂಬಬೇಡಿ.

ಬಂಗು ಇದ್ದವರು ಲೇಸರಿನಿಂದ ಶುರುಮಾಡಬಾರದು. ಮೊದಲು ಸನ್‌ಸ್ಕ್ರೀನ್, ಕ್ರೀಮು, ವೈದ್ಯರು ಸರಿ ಎಂದರೆ ಟ್ರಾನೆಕ್ಸಾಮಿಕ್ ಆಸಿಡ್. ಅದಕ್ಕೂ ಜಗ್ಗದಿದ್ದರೆ ಮಾತ್ರ ಕಡಿಮೆ ಶಕ್ತಿಯ 1064 ಕಿರಣದಿಂದ ಬಣ್ಣ ತಿಳಿಮಾಡುವ ಟೋನಿಂಗ್, ಅದೂ ಎರಡು ವಾರಕ್ಕೊಮ್ಮೆ. ವಾರ ವಾರ ಹೊಡೆಸಿದರೆ ಬಂಗಿನ ನಡುವೆ ಅಕ್ಕಿಕಾಳಿನಂಥ ಬಿಳಿ ಚುಕ್ಕೆ ಏಳಬಹುದು, ಅವನ್ನು ಸರಿಪಡಿಸುವುದು ಬಂಗಿಗಿಂತ ಕಷ್ಟ. ಟೋನಿಂಗ್ ನಿಲ್ಲಿಸಿದ ಮೇಲೆ ಬಂಗು ಮರಳುವುದೂ ಸಾಮಾನ್ಯ, ಅದನ್ನು ಮೊದಲೇ ಹೇಳದ ಕ್ಲಿನಿಕ್ಕಿಗೆ ಪ್ಯಾಕೇಜ್ ಹಣ ಕಟ್ಟಬೇಡಿ.

ಕೇಳಬೇಕಾದ್ದು, ಹೇಳಬೇಕಾದ್ದು

ಚರ್ಮರೋಗದ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಇದೆಯೇ, ಕರ್ನಾಟಕ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಏನು, ಲೇಸರ್ ಯಂತ್ರದ ಹಿಡಿಕೆ ಹಿಡಿಯುವವರು ವೈದ್ಯರೋ ಸಹಾಯಕರೋ ಎಂದು ಕೇಳಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ ನೋಂದಣಿ ಪತ್ರ ಮತ್ತು ದರಪಟ್ಟಿ ಗೋಡೆಯಲ್ಲಿ ಇರಬೇಕು. ಮಣಿಪಾಲ ಮತ್ತು ಮಂಗಳೂರಿನ ಕೆಎಂಸಿ, ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ದೊಡ್ಡ ಮೊತ್ತ ಕಟ್ಟುವ ಮೊದಲು ಅಲ್ಲೊಂದು ಎರಡನೇ ಅಭಿಪ್ರಾಯ ಪಡೆದರೆ ನಷ್ಟವಿಲ್ಲ.

ನೀವು ಮುಚ್ಚಿಡದೆ ಹೇಳಬೇಕಾದದ್ದು: ಎದೆ, ಭುಜ, ಕಿವಿಯಲ್ಲಿ ಗಾಯ ದಪ್ಪಗೆ ಉಬ್ಬುವ ಕೆಲಾಯ್ಡ್ ಗುಣ, ತೊನ್ನು, ಸೋರಿಯಾಸಿಸ್, ಗರ್ಭ, ಆರು ತಿಂಗಳೊಳಗೆ ನುಂಗಿದ ಐಸೊಟ್ರೆಟಿನಾಯಿನ್ ಮಾತ್ರೆ, ಈಗ ತೆಗೆದುಕೊಳ್ಳುತ್ತಿರುವ ಡಾಕ್ಸಿಸೈಕ್ಲಿನ್. ತುಟಿಯಂಚಿಗೆ ಆಗಾಗ ಹರ್ಪಿಸ್ ಗುಳ್ಳೆ ಏಳುವವರಿಗೆ ಮೊದಲೇ ವೈರಸ್ ತಡೆಯುವ ಮಾತ್ರೆ ಶುರುಮಾಡುತ್ತಾರೆ, ಇಲ್ಲವಾದರೆ ಅದು ಮುಖವಿಡೀ ಹರಡಬಹುದು. ಇನ್ನು ಅತಿ ಮುಖ್ಯವಾದದ್ದು ಮೆಡಿಕಲ್‌ನಿಂದ ಚೀಟಿಯಿಲ್ಲದೆ ತಂದ ‘ಬಿಳಿಯಾಗುವ’ ಕ್ರೀಮು. ಟ್ಯೂಬಿನ ಹಿಂದೆ ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಎಂದಿದ್ದರೆ ಅದು ಸ್ಟೆರಾಯ್ಡ್. ತಿಂಗಳುಗಟ್ಟಲೆ ಹಚ್ಚಿದ ಚರ್ಮ ಕಾಗದದಂತೆ ತೆಳುವಾಗಿರುತ್ತದೆ, ಅದನ್ನು ಸರಿಪಡಿಸದೆ ಲೇಸರ್ ಹಾಕಬಾರದು. ಟ್ಯೂಬನ್ನೇ ಕೊಂಡುಹೋಗಿ ತೋರಿಸಿ.

ನಾಲ್ಕು ವಾರ ಮೊದಲಿನಿಂದ ಪಣಂಬೂರು, ಮಲ್ಪೆ ಬೀಚಿನ ಮಧ್ಯಾಹ್ನಗಳು ಬೇಡ. ಬ್ಲೀಚ್, ವ್ಯಾಕ್ಸ್, ಥ್ರೆಡಿಂಗ್ ಎರಡು ವಾರ ಮೊದಲು, ರೆಟಿನಾಲ್ ಒಂದು ವಾರ ಮೊದಲು ನಿಲ್ಲಿಸಿ. ಕಿವಿಯ ಹಿಂದೆ ಅಥವಾ ದವಡೆಯಂಚಿನಲ್ಲಿ ಟೆಸ್ಟ್ ಸ್ಪಾಟ್ ಹಾಕಿಸಿ ನಾಲ್ಕು ವಾರ ಕಾಯಿರಿ. ಮರುದಿನವೇ ನೋಡಿ ‘ಏನೂ ಆಗಿಲ್ಲ’ ಎನ್ನುವುದರಲ್ಲಿ ಅರ್ಥವಿಲ್ಲ, ಕಪ್ಪು ತಿರುಗುವುದು ಎರಡು ವಾರ ಕಳೆದ ಮೇಲೆಯೇ.

ಆ ದಿನ

ಲಿಡೋಕೇಯ್ನ್ 2.5, ಪ್ರಿಲೋಕೇಯ್ನ್ 2.5 ಶೇಕಡಾ ಇರುವ ಮರಗಟ್ಟಿಸುವ ಕ್ರೀಮನ್ನು 45ರಿಂದ 60 ನಿಮಿಷ ಇಟ್ಟು ಪೂರ್ತಿ ಒರೆಸುತ್ತಾರೆ. ‘ಮನೆಯಿಂದಲೇ ದಪ್ಪಗೆ ಹಚ್ಚಿಕೊಂಡು ಬನ್ನಿ’ ಎಂದರೆ ಒಪ್ಪಬೇಡಿ. ಅಗಲ ಜಾಗಕ್ಕೆ ಹೆಚ್ಚು ಹಚ್ಚಿದರೆ ಔಷಧ ರಕ್ತಕ್ಕೆ ಸೇರಿ ತಲೆತಿರುಗು, ತುಟಿ ನೀಲಿಯಾಗುವುದು ಆಗಬಹುದು. ಸ್ಪಿರಿಟ್‌ನಿಂದ ಒರೆಸಿದ್ದರೆ ಪೂರ್ತಿ ಆರಿದ ಮೇಲೆಯೇ ಲೇಸರ್, ಯಾಕೆಂದರೆ ಬೆಂಕಿ ಹಿಡಿಯಬಹುದು. ಮೂಗುತಿ, ಓಲೆ ಬಿಚ್ಚಿಡಿ. ನಿಮ್ಮ ಕಣ್ಣಿಗೆ ಮುಚ್ಚಳ, ಲೇಸರ್ ಹೊಡೆಯುವವರ ಕಣ್ಣಿಗೆ ಅದೇ ತರಂಗಾಂತರದ ಅಂಕಿ ಬರೆದ ಕನ್ನಡಕ ಬೇಕೇ ಬೇಕು. ಹೊಗೆ ಎಳೆಯುವ ಯಂತ್ರ ಓಡುತ್ತಿರಲಿ.

ಗುಳಿಗೆ ಶಕ್ತಿ ಹೆಚ್ಚು, ತೂತುಗಳ ದಟ್ಟಣೆ ಕಡಿಮೆ ಎಂಬುದು ನಮ್ಮ ಚರ್ಮದ ಸೂತ್ರ. ದಟ್ಟಣೆ ಶೇಕಡಾ 10ರ ಆಸುಪಾಸು ಅಥವಾ ಅದಕ್ಕೂ ಕಡಿಮೆ ಇಡುತ್ತಾರೆ. ಒಂದೇ ಜಾಗಕ್ಕೆ ಮೇಲಿಂದ ಮೇಲೆ ಹೊಡೆದರೆ ಬಿಸಿ ಒಟ್ಟುಗೂಡಿ ಕಲೆ ಬೀಳುತ್ತದೆ. ಸಣ್ಣ ಬಿಳಿ ಚುಕ್ಕೆಗಳ ಸಾಲು ಕಂಡರೆ ಸರಿ. ಬೂದು ಬಣ್ಣ ತಿರುಗಿದರೆ, ಗುಳ್ಳೆ ಎದ್ದರೆ ಹೆಚ್ಚಾಗಿದೆ. ದವಡೆಯಂಚು, ಕುತ್ತಿಗೆಯಲ್ಲಿ ಶಕ್ತಿ ಇಳಿಸದಿದ್ದರೆ ಕಲೆ ಉಳಿಯುತ್ತದೆ, ಅಲ್ಲಿ ಮಾಯಲು ನೆರವಾಗುವ ಗ್ರಂಥಿಗಳು ಕಡಿಮೆ.

ಮನೆಗೆ ಬಂದ ಮೇಲೆ

ಮೊದಲ ಕೆಲವು ಗಂಟೆ ಉರಿ ಜೋರು, ಮೆಣಸು ಹಚ್ಚಿದಂತೆ. ಬಟ್ಟೆಯಲ್ಲಿ ಸುತ್ತಿದ ಐಸ್ ಒತ್ತಿ ತೆಗೆಯುತ್ತಿರಿ. ಎರಡು ದಿಂಬಿಟ್ಟು ಮಲಗಿದರೆ ಊತ ಬೇಗ ಇಳಿಯುತ್ತದೆ. ಕುದಿಸಿ ಆರಿಸಿದ ನೀರಲ್ಲಿ ದಿನಕ್ಕೆರಡು ಸಲ ತೊಳೆಯಿರಿ. ಸಮುದ್ರದ ಬದಿಯ ಬಾವಿನೀರು ಉಪ್ಪಾಗಿದ್ದರೆ ಮುಖಕ್ಕೆ ತಾಗಿಸಬೇಡಿ. ಒರೆಸದೆ ಒತ್ತಿ ಒಣಗಿಸಿ, ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ. ದಪ್ಪಗೆ ಮೆತ್ತಿದರೆ ನಮ್ಮ ಸೆಕೆಗೆ ಬೆವರು ಕಟ್ಟಿ ಕೀವುಗುಳ್ಳೆ ಏಳುತ್ತದೆ. ಕೊಬ್ಬರಿ ಎಣ್ಣೆ, ಅರಿಶಿನ, ಲೋಳೆಸರದ ಹಸಿ ಲೋಳೆ ಯಾವುದೂ ಬೇಡ. ಮೀನು ತಿಂದರೆ ನಂಜಾಗುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ. ಮೀನಿನ ಅಲರ್ಜಿ ಇಲ್ಲದವರು ಬಂಗುಡೆ ಗಸಿ ಬಿಡಬೇಕಾಗಿಲ್ಲ.

ಮೂರನೇ ದಿನಕ್ಕೆ ಮುಖ ಮರಳು ಕಾಗದದಂತೆ ಒರಟಾಗಿ, ಐದರಿಂದ ಏಳನೇ ದಿನಕ್ಕೆ ಹಕ್ಕಳೆ ತಾನಾಗಿ ಉದುರುತ್ತದೆ. ಉಗುರಿನಿಂದ ಎತ್ತಿದ ಪ್ರತಿ ಹಕ್ಕಳೆಯೂ ಒಂದು ಕಪ್ಪು ಚುಕ್ಕೆ. ಅಲ್ಲಿಯವರೆಗೆ ಸ್ಕೂಟರನ್ನೇ ಓಡಿಸಬೇಡಿ, ಹೆಲ್ಮೆಟ್ ಪಟ್ಟಿ ಉಜ್ಜುತ್ತದೆ. ಹಸಿ ಗಾಯಕ್ಕೆ ಸನ್‌ಸ್ಕ್ರೀನ್ ಹಚ್ಚದೆ ಒಳಗೇ ಇರಿ. ಚರ್ಮ ಮುಚ್ಚಿಕೊಂಡ ಮೇಲೆ ಝಿಂಕ್ ಆಕ್ಸೈಡ್ ಇರುವ ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನದನ್ನು, ಎರಡು ಬೆರಳುದ್ದ ಹಿಂಡಿ ಮುಖ, ಕುತ್ತಿಗೆಗೆ ಹಚ್ಚಿ, ಎರಡರಿಂದ ಮೂರು ಗಂಟೆಗೊಮ್ಮೆ ಮತ್ತೆ. ಬಂಗಿನವರಿಗೆ ಐರನ್ ಆಕ್ಸೈಡ್ ಸೇರಿದ ಬಣ್ಣದ್ದು ಉತ್ತಮ. ಕಾರಿನ ಕಿಟಕಿ ಗಾಜು ಯುವಿ-ಎ ಕಿರಣವನ್ನು ಪೂರ್ತಿ ತಡೆಯುವುದಿಲ್ಲ.

ನೋವು ಮೂರನೇ ದಿನದ ನಂತರ ಇಳಿಯುವ ಬದಲು ಏರಿದರೆ, ಹಳದಿ ಕೀವು ಅಥವಾ ಗುಂಪುಗುಂಪಾದ ನೀರ್ಗುಳ್ಳೆ ಕಂಡರೆ, ಕಣ್ಣು ಮಂಜಾದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ. ಎರಡರಿಂದ ಆರು ವಾರದೊಳಗೆ ಮುಖ ಕಪ್ಪು ತಿರುಗಿದರೆ ಗಾಬರಿ ಬೇಡ, ಅದರ ಮೇಲೆ ಮತ್ತೆ ಲೇಸರೂ ಬೇಡ. ಸನ್‌ಸ್ಕ್ರೀನ್, ಅಜೆಲಾಯಿಕ್ ಆಸಿಡ್ ಅಥವಾ ವೈದ್ಯರು ಬರೆದುಕೊಟ್ಟ ಹೈಡ್ರೋಕ್ವಿನೋನ್‌ನಿಂದ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ತಿಳಿಯಾಗುತ್ತದೆ. ಮುಂದಿನ ಸಿಟ್ಟಿಂಗ್ ಅಷ್ಟರವರೆಗೆ ಮುಂದೂಡಿ, ಕಟ್ಟಿದ ಪ್ಯಾಕೇಜಿನ ಅವಧಿ ಮುಗಿಯುತ್ತದೆ ಎಂದು ಕ್ಲಿನಿಕ್ ಅವಸರ ಮಾಡಿದರೂ ಸರಿ.