ಸೀಲೆಂಟ್ ಒಣಗುವ ಮುನ್ನ: ಟ್ಯೂಬ್‌ಲೆಸ್ ಟೈರ್ ಜೊತೆ ನನ್ನ ಅನುಭವ

ಮೌಂಟನ್ ಬೈಕಿನ ಚಕ್ರವನ್ನು ಟ್ಯೂಬ್‌ಲೆಸ್ ಮಾಡಿಕೊಂಡ ಸ್ನೇಹಿತರು ‘ಸೀಲೆಂಟ್ ಹಾಕಿದ್ದೀನಿ, ಇನ್ನು ಮುಳ್ಳಿನ ಭಯವಿಲ್ಲ’ ಅಂದಾಗ ನಾನು ಕೇಳುವುದು ಒಂದೇ: ಹಾಕಿದ್ದು ಯಾವಾಗ? ಟೈರಿನೊಳಗಿನ ಆ ಬಿಳಿ ದ್ರವ ಸುರಿದ ಗಳಿಗೆಯಿಂದಲೇ ಒಣಗತೊಡಗುತ್ತದೆ. ಗಟ್ಟಿಯಾಗುವ ಗುಣದಿಂದಲೇ ಅದು ತೂತು ಮುಚ್ಚುತ್ತದೆ. ಅದೇ ಗುಣದಿಂದ ಕೆಲವು ತಿಂಗಳಲ್ಲಿ ಕೆಲಸಕ್ಕೆ ಬಾರದ ಪೊರೆಯಾಗಿ ಟೈರಿನ ಒಳಮೈಗೆ ಅಂಟಿಕೊಳ್ಳುತ್ತದೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ರಿಮ್‌ನ ತೂತುಗಳ ಮೇಲೆ ಟೇಪ್ ಸುತ್ತುವುದರಿಂದ ಹಿಡಿದು ಗಾಳಿ ಬಿಡುವವರೆಗಿನ ಎಲ್ಲ ಕೆಲಸ ಮಾಡುತ್ತೇನೆ.

ಹೆಚ್ಚಿನ ಸೀಲೆಂಟ್‌ಗಳ ಮೂಲವಸ್ತು ಲ್ಯಾಟೆಕ್ಸ್, ಅಂದರೆ ರಬ್ಬರ್ ಹಾಲು. ನೀರಿನಲ್ಲಿ ತೇಲುತ್ತಿರುವ ರಬ್ಬರಿನ ಅತಿ ಸಣ್ಣ ಕಣಗಳು ಅವು. ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗದಿರಲಿ ಎಂದು ಹಲವು ತಯಾರಕರು ಅಮೋನಿಯಾ ಬೆರೆಸುತ್ತಾರೆ. ಬಾಟಲಿ ಬಿಚ್ಚಿದಾಗ ಮೂಗಿಗೆ ಹೊಡೆಯುವ ಘಾಟು ಅದರದ್ದು. ಕೆಲವದರಲ್ಲಿ ಚಳಿಗೆ ಹೆಪ್ಪುಗಟ್ಟದಂತೆ ಪ್ರೊಪಿಲೀನ್ ಗ್ಲೈಕಾಲ್ ಇರುತ್ತದೆ. ಇವುಗಳ ಜೊತೆಗೆ ರಬ್ಬರ್ ಪುಡಿ, ನಾರು, ಕೆಲವೊಮ್ಮೆ ಮಿನುಗುವ ಚೂರುಗಳು. ಮುಳ್ಳು ಚುಚ್ಚಿದಾಗ ಹೊರಕ್ಕೆ ನುಗ್ಗುವ ಗಾಳಿ ದ್ರವವನ್ನೂ ತೂತಿನೊಳಕ್ಕೆ ಎಳೆದುಕೊಂಡು ಬರುತ್ತದೆ. ಪುಡಿ, ನಾರು ಅಲ್ಲಿ ಅಡ್ಡ ಸಿಕ್ಕಿಕೊಳ್ಳುತ್ತವೆ, ಅವುಗಳ ಸುತ್ತ ಲ್ಯಾಟೆಕ್ಸ್ ಹೆಪ್ಪುಗಟ್ಟಿ ಬಿರಡೆಯಾಗುತ್ತದೆ. ಆ ಪುಡಿಯೆಲ್ಲ ಬಾಟಲಿಯ ತಳಕ್ಕೆ ಇಳಿದಿರುತ್ತದೆ. ಅಲುಗಾಡಿಸದೆ ಸುರಿದರೆ ಟೈರಿಗೆ ಹೋಗುವುದು ಬರೀ ತಿಳಿ. ಹಾಗಾಗಿ ಬಾಟಲಿಯನ್ನು ಜೋರಾಗಿ, ತಳದ ಗಸಿ ಪೂರ್ತಿ ಕದಡುವವರೆಗೆ ಅಲ್ಲಾಡಿಸುತ್ತೇನೆ. ಅಳೆದು ಇಟ್ಟುಕೊಂಡ ಮೇಲೂ ತಡಮಾಡದೆ ಸುರಿಯುತ್ತೇನೆ.

ಟ್ಯೂಬ್‌ಲೆಸ್ ಅಂದರೆ ಸೀಲೆಂಟ್ ಇರಲೇಬೇಕು ಎಂಬುದು ಮೊದಲಿನಿಂದ ಇದ್ದ ನಿಯಮವಲ್ಲ. 1999ರಲ್ಲಿ ಮಾವಿಕ್ ಕಂಪನಿ ಮೌಂಟನ್ ಬೈಕಿಗೆ ಯುಎಸ್‌ಟಿ ಎಂಬ ಪದ್ಧತಿ ತಂದಾಗ ರಿಮ್‌ನ ಒಳಹಾಸಿನಲ್ಲಿ ಸ್ಪೋಕಿನ ತೂತುಗಳೇ ಇರಲಿಲ್ಲ, ಟೈರಿನ ಒಳಮೈ ತಾನೇ ಗಾಳಿ ಹಿಡಿದಿಡುವಷ್ಟು ದಪ್ಪವಾಗಿತ್ತು. ಆದರೆ ತೂಕ ಜಾಸ್ತಿ. ಈಗ ನಾವು ಓಡಿಸುವ ಹೆಚ್ಚಿನ ಟೈರ್‌ಗಳು ಹಗುರ, ಅವುಗಳ ಪಕ್ಕದ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ರಿಮ್‌ನ ತೂತುಗಳ ಮೇಲೆ ಇರುವುದು ಬರೀ ಟೇಪ್. ಇಡೀ ಏರ್ಪಾಡಿನ ಬಿರುಕುಗಳನ್ನೆಲ್ಲ ತುಂಬುವ ಹೊಣೆ ಈಗ ಸೀಲೆಂಟ್ ಮೇಲೆ ಬಿದ್ದಿದೆ.

ನಾನು ಟ್ಯೂಬ್ ಬಿಟ್ಟದ್ದು ಮುಳ್ಳಿಗೆ ಹೆದರಿ ಅಲ್ಲ, ಗಾಳಿಯ ಒತ್ತಡಕ್ಕಾಗಿ. ಟ್ಯೂಬ್ ಇದ್ದಾಗ ಒತ್ತಡ ಇಳಿಸಿದರೆ ಕಲ್ಲಿಗೆ ಬಡಿದ ಕೂಡಲೇ ಟ್ಯೂಬು ಕಲ್ಲಿಗೂ ರಿಮ್‌ಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ಸೀಳು ಬೀಳುತ್ತಿದ್ದವು. ಅದನ್ನು ತಪ್ಪಿಸಲು 30 ಪಿಎಸ್‌ಐಗಿಂತ ಮೇಲೆಯೇ ಇಡಬೇಕಾಗುತ್ತಿತ್ತು. ಈಗ ಮುಂದಿನ ಚಕ್ರಕ್ಕೆ 21–22, ಹಿಂದಿನದಕ್ಕೆ 24–25 ಇಡುತ್ತೇನೆ. ಬೇರುಗಳ ಮೇಲೆ, ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಟೈರು ನೆಲವನ್ನು ತಬ್ಬಿಕೊಂಡು ಹೋಗುವುದು ಹ್ಯಾಂಡಲ್ ಹಿಡಿದ ಕೈಗೇ ಗೊತ್ತಾಗುತ್ತದೆ. ಈ ಹಿಡಿತಕ್ಕಾಗಿ ಇನ್ನೂ ಹೆಚ್ಚು ಕೆಲಸವಿದ್ದರೂ ನಾನು ಮಾಡುತ್ತಿದ್ದೆ.

ಟೇಪ್ ವಿಷಯದಲ್ಲಿ ನಾನು ಅವಸರ ಮಾಡುವುದಿಲ್ಲ. ಟ್ಯೂಬ್‌ಲೆಸ್ ಕೈಕೊಟ್ಟಿದೆ ಎಂದು ನನ್ನ ಹತ್ತಿರ ಬಂದ ಚಕ್ರಗಳಲ್ಲಿ ಹೆಚ್ಚಿನವಕ್ಕೆ ಸೀಲೆಂಟ್‌ನ ದೋಷವೇ ಇರಲಿಲ್ಲ, ಟೇಪ್ ಎದ್ದಿರುತ್ತಿತ್ತು. ರಿಮ್‌ನ ಒಳ ಅಗಲಕ್ಕಿಂತ ಎರಡು ಮೂರು ಮಿಲಿಮೀಟರ್ ಅಗಲವಾದ ಟೇಪ್ ಬೇಕು; ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ, ಟೈರಿನ ಬೀಡ್ (ರಿಮ್‌ಗೆ ಕಚ್ಚಿಕೊಳ್ಳುವ ಗಟ್ಟಿ ಅಂಚು) ಕೂರುವ ಜಾಗವನ್ನೂ ಅದು ಮುಚ್ಚಬೇಕು. ಮೊದಲು ರಿಮ್‌ನ ಹಳೆಯ ಅಂಟನ್ನೆಲ್ಲ ತೆಗೆದು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಆರಲು ಬಿಡುತ್ತೇನೆ. ವಾಲ್ವ್ ತೂತಿಗಿಂತ ಒಂದು ಗೇಣು ಹಿಂದಿನಿಂದ ಆರಂಭಿಸಿ, ಟೇಪನ್ನು ಬಿಗಿಯಾಗಿ ಎಳೆಯುತ್ತಾ ಸುತ್ತಿ, ವಾಲ್ವ್ ತೂತು ದಾಟಿ ಇನ್ನೊಂದು ಗೇಣು ಮುಂದಕ್ಕೆ ಮುಗಿಸುತ್ತೇನೆ. ವಾಲ್ವ್ ಇರುವಲ್ಲಿ ಹೀಗೆ ಎರಡು ಪದರ ಬೀಳುತ್ತದೆ. ಎಳೆತ ಸಾಲದಿದ್ದರೆ ರಿಮ್‌ನ ನಡುವಿನ ತಗ್ಗಿನಲ್ಲಿ ಗಾಳಿಗುಳ್ಳೆ ಉಳಿಯುತ್ತದೆ. ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಅದನ್ನು ಒತ್ತಿ ಒತ್ತಿ ಹೊರಗೆ ತಳ್ಳುತ್ತೇನೆ. ವಾಲ್ವ್‌ಗೆ ತೂತು ಮಾಡಲು ಬ್ಲೇಡು ಬಳಸುವುದಿಲ್ಲ, ಬ್ಲೇಡಿನ ಸೀಳು ಮುಂದೆ ಬೆಳೆಯುತ್ತಾ ಹೋಗುತ್ತದೆ. ಕಾಯಿಸಿದ ದಬ್ಬಳದಲ್ಲಿ ಚುಚ್ಚಿದರೆ ಅಂಚು ಕರಗಿ ದುಂಡಗಾಗಿ ನಿಲ್ಲುತ್ತದೆ. ವಾಲ್ವ್‌ನ ನಟ್ ಬಿಗಿ ಮಾಡುವುದು ಬೆರಳಿನಿಂದಷ್ಟೇ. ಇಕ್ಕಳ ಹಾಕಿ ಬಿಗಿದಿಟ್ಟರೆ ದಾರಿಯಲ್ಲಿ ಟ್ಯೂಬ್ ಹಾಕಬೇಕಾದಾಗ ಬಿಚ್ಚಲು ಆಗುವುದಿಲ್ಲ.

ಇಷ್ಟೊಂದು ಹೇಳಲು ಕಾರಣವಿದೆ. ಟೇಪಿನ ಅಡಿಗೆ ಸೀಲೆಂಟ್ ಇಳಿದರೆ ಅದು ಸ್ಪೋಕಿನ ತೂತುಗಳಿಂದ ಹೊರಬರುತ್ತದೆ, ಅಮೋನಿಯಾ ಇರುವಂಥದ್ದಾದರೆ ಸ್ಪೋಕನ್ನು ರಿಮ್‌ಗೆ ಬಿಗಿಯುವ ಅಲ್ಯೂಮಿನಿಯಂ ನಿಪ್ಪಲ್‌ಗಳನ್ನು ತಿನ್ನತೊಡಗುತ್ತದೆ. ಗಾಳಿ ಎಲ್ಲಿಂದ ಹೋಗುತ್ತಿದೆ ಎಂದು ಹುಡುಕುವುದೂ ಕಷ್ಟ: ಟೇಪ್ ಹರಿದ ಜಾಗ ಒಂದು ಕಡೆ, ಗುಳ್ಳೆ ಏಳುವ ಸ್ಪೋಕ್ ಇನ್ನೊಂದು ಕಡೆ.

ಟೈರ್ ಏರಿಸುವಾಗ ವಾಲ್ವ್‌ನ ಎದುರು ಬದಿಯಿಂದ ಆರಂಭಿಸಿ ವಾಲ್ವ್ ಹತ್ತಿರ ಮುಗಿಸುತ್ತೇನೆ. ಎದುರು ಬದಿಯ ಬೀಡ್ ರಿಮ್‌ನ ತಗ್ಗಿಗೆ ಇಳಿದಷ್ಟೂ ಇತ್ತ ಕಡೆ ಸಡಿಲ ಸಿಗುತ್ತದೆ, ಟೈರ್ ಮೀಟುವ ಲೀವರ್ ಬೇಕಾಗುವುದಿಲ್ಲ. ಲೀವರ್ ಹಾಕಿದರೆ ಈಗಷ್ಟೇ ಅಂಟಿಸಿದ ಟೇಪ್ ಕೆರೆದುಹೋಗುವ ಅಪಾಯ ಇದ್ದೇ ಇದೆ. ಆಮೇಲೆ ಸೀಲೆಂಟ್ ಇಲ್ಲದೆ ಒಣ ಟೈರನ್ನೇ ಕೂರಿಸುತ್ತೇನೆ. ವಾಲ್ವ್ ಕೋರ್ (ವಾಲ್ವ್ ಒಳಗಿನ ಬಿಚ್ಚಬಹುದಾದ ಚಿಕ್ಕ ಭಾಗ) ಬಿಚ್ಚಿಟ್ಟರೆ ಗಾಳಿ ಒಮ್ಮೆಲೇ ನುಗ್ಗುತ್ತದೆ. ಬೀಡ್‌ಗೆ ಸೋಪಿನ ನೀರು ಸವರಿರುತ್ತೇನೆ. ‘ಟಪ್ ಟಪ್’ ಎಂದು ಬೀಡ್ ರಿಮ್‌ನ ಅಂಚಿಗೆ ಹಾರಿ ಕೂರುವ ಸದ್ದು ಕೇಳಿದ ಮೇಲೆ, ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಗೆರೆ ಸುತ್ತಲೂ ರಿಮ್‌ನಿಂದ ಒಂದೇ ದೂರದಲ್ಲಿದೆಯೇ ಎಂದು ಚಕ್ರ ತಿರುಗಿಸಿ ನೋಡುತ್ತೇನೆ. ಒಂದು ಕಡೆ ಗೆರೆ ಒಳಗೆ ಮುಳುಗಿದ್ದರೆ ಗಾಳಿ ಬಿಟ್ಟು ಮತ್ತೆ ಸೋಪಿನ ನೀರು. ಕೂರಲಿಲ್ಲವೆಂದು ಟೈರು ಮತ್ತು ರಿಮ್ ಮೇಲೆ ಬರೆದಿರುವ ಮಿತಿಯನ್ನು ಮೀರಿ ಗಾಳಿ ತುಂಬುವುದು ಬೇಡವೇ ಬೇಡ; ಬೀಡ್ ಸಿಡಿದರೆ ಕಣ್ಣು, ಕಿವಿಗಳಿಗೇ ಅಪಾಯ.

ಕೂತ ಟೈರಿನ ಗಾಳಿ ಬಿಟ್ಟರೂ ಬೀಡ್ ಜಾಗ ಬಿಟ್ಟು ಕದಲುವುದು ಕಡಿಮೆ. ಆಗ ವಾಲ್ವ್ ಕೆಳಬದಿಗೆ ಬರುವಂತೆ ಚಕ್ರ ನಿಲ್ಲಿಸಿ, ಸಿರಿಂಜ್‌ನಿಂದ ಸೀಲೆಂಟ್ ಇಳಿಸುತ್ತೇನೆ. 29 ಇಂಚಿನ, 2.4 ಇಂಚು ಅಗಲದ ಟೈರಿಗೆ ನಾನು ಹಾಕುವುದು 100ರಿಂದ 120 ಮಿಲಿಲೀಟರ್. ಹೊಸ ಟೈರಾದರೆ 120 ಮಿಲಿಲೀಟರೇ, ಏಕೆಂದರೆ ಒಂದು ಪಾಲು ಪಕ್ಕದ ಗೋಡೆಯ ರಂಧ್ರಗಳನ್ನು ತುಂಬುವುದರಲ್ಲೇ ಮುಗಿದುಹೋಗುತ್ತದೆ. ತೂಕ ಉಳಿಸಲೆಂದು 60 ಮಿಲಿಲೀಟರಿಗೆ ನಿಲ್ಲಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅಷ್ಟು ತೂಕ ಉಳಿಸಿ, ದೊಡ್ಡ ತೂತು ಬಿದ್ದಾಗ ದ್ರವವೇ ಸಾಲದೆ ಕಾಡಿನ ನಡುವೆ ನಿಲ್ಲುವುದು ಬೇಡ.

ಗಾಳಿ ತುಂಬಿದ ಮೇಲೆ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಮೊರದಲ್ಲಿ ಕೇರುವ ಹಾಗೆ ಪಕ್ಕದಿಂದ ಪಕ್ಕಕ್ಕೆ ಕುಲುಕುತ್ತೇನೆ, ಪ್ರತಿ ಸಲ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ. ನಂತರ ಬಕೆಟ್ ಮೇಲೆ ಅಡ್ಡ ಮಲಗಿಸಿ ಒಂದಷ್ಟು ಹೊತ್ತು ಬಿಟ್ಟು ಮಗುಚುತ್ತೇನೆ. ಪಕ್ಕದ ಗೋಡೆಯಲ್ಲಿ ಬಿಳಿ ಚುಕ್ಕೆಗಳು ಮೂಡಿ ಹಾಗೇ ಒಣಗಿದರೆ ಕೆಲಸ ನಡೆಯುತ್ತಿದೆ ಎಂದರ್ಥ. ಎಲ್ಲಕ್ಕಿಂತ ಒಳ್ಳೆಯದು ಅಂದೇ ಸ್ವಲ್ಪ ದೂರ ಓಡಿಸಿಬಿಡುವುದು. ಮೊದಲ ಕೆಲವು ದಿನ ಗಾಳಿ ಕೊಂಚ ಇಳಿದರೆ ಗಾಬರಿಯಾಗಬೇಕಿಲ್ಲ. ಆಮೇಲೂ ದಿನದಿನ ಇಳಿಯುತ್ತಿದ್ದರೆ ಟೇಪಿನತ್ತ ನೋಡಬೇಕು.

ದಾರಿಯಲ್ಲಿ ಸಣ್ಣ ಮುಳ್ಳು ಕಂಡರೆ ಅಲ್ಲಿಯೇ ಕಿತ್ತು, ಆ ಜಾಗ ಕೆಳಗೆ ಬರುವಂತೆ ಚಕ್ರ ತಿರುಗಿಸಿ ಹಿಡಿಯುತ್ತೇನೆ. ದ್ರವ ಅಲ್ಲಿಗೆ ಹರಿದು ಬರುತ್ತದೆ, ಒಂದಿಷ್ಟು ಬುಸುಗುಟ್ಟಿ ನಿಲ್ಲುತ್ತದೆ. ತೂತು ದೊಡ್ಡದಾಗಿ ಸೀಲೆಂಟ್ ಚಿಮ್ಮುತ್ತಲೇ ಇದ್ದರೆ ಕಾಯುವುದು ದಂಡ, ಕಾದಷ್ಟೂ ಒಳಗಿನ ದ್ರವ ಖಾಲಿಯಾಗುತ್ತದೆ. ಪ್ಲಗ್ ಚುಚ್ಚುವ ಸಾಧನವನ್ನು ನಾನು ಬ್ಯಾಗಿನ ತಳದಲ್ಲಿ ಇಡದೆ ಫ್ರೇಮಿಗೆ ಕಟ್ಟಿರುವುದು ಇದಕ್ಕೇ. ಅಂಟು ಎಳೆಯನ್ನು ತೂತಿಗೆ ತೂರಿಸಿ ಸೂಜಿ ಹೊರಗೆಳೆದರೆ, ಎಳೆಯ ಸುತ್ತಲಿನ ಸಂದನ್ನು ಸೀಲೆಂಟ್ ತಾನೇ ಮುಚ್ಚುತ್ತದೆ. ಪಕ್ಕದ ಗೋಡೆ ಸೀಳಿದಾಗ ಮಾತ್ರ ನಾನು ಸೀಲೆಂಟನ್ನೂ ಪ್ಲಗ್ಗನ್ನೂ ನಂಬುವುದಿಲ್ಲ. ಆ ಜಾಗ ಪ್ರತಿ ಸುತ್ತಿಗೂ ಬಾಗುತ್ತಿರುತ್ತದೆ, ಮುಚ್ಚಿದ್ದು ಮತ್ತೆ ಬಾಯಿಬಿಡುತ್ತದೆ.

ತುರ್ತಿಗೆಂದು ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಒಯ್ಯುವವರು ಒಂದು ವಿಷಯ ತಿಳಿದಿರಲಿ: ಲ್ಯಾಟೆಕ್ಸ್ ಸೀಲೆಂಟ್ ಅದರಿಂದ ಉಂಡೆಗಟ್ಟಬಹುದು, ಬಾಟಲಿಗಳ ಮೇಲೆಯೇ ಕೆಲವರು ಈ ಎಚ್ಚರಿಕೆ ಬರೆದಿರುತ್ತಾರೆ. ಆ ಅನಿಲ ರಬ್ಬರಿನೊಳಗಿಂದ ಬೇಗ ಸೋರಿಯೂ ಹೋಗುತ್ತದೆ. ನಾನು ಕೈಪಂಪ್ ಒಯ್ಯುತ್ತೇನೆ.

ಇನ್ನು ನೋಡಿಕೊಳ್ಳುವ ಮಾತು. ಸೀಲೆಂಟ್ ಎರಡರಿಂದ ಆರು ತಿಂಗಳು ಬಾಳುತ್ತದೆ ಎಂದು ತಯಾರಕರು ಹೇಳುವ ಅಂತರ ದೊಡ್ಡದು, ಅದಕ್ಕೆ ಕಾರಣವೂ ಇದೆ. ನೀರಿನ ಆವಿ ಟೈರಿನ ಮೈಯಿಂದಲೇ ನಿಧಾನಕ್ಕೆ ಹೊರಹೋಗುತ್ತದೆ. ಬಿಸಿಲು, ಒಣಹವೆ, ತೆಳು ಟೈರು ಸೇರಿದರೆ ಬೇಗ ಆರುತ್ತದೆ, ತಂಪಿನಲ್ಲಿ ನಿಧಾನ. ಕ್ಯಾಲೆಂಡರ್ ನೋಡಿ ಕೂರುವ ಬದಲು ನಾನು ಚಕ್ರವನ್ನು ಕಿವಿಯ ಹತ್ತಿರ ಹಿಡಿದು ಕುಲುಕುತ್ತೇನೆ. ಗುಳುಗುಳು ಸದ್ದು ಕೇಳಿದರೆ ದ್ರವ ಇದೆ. ಕೇಳಿಸದಿದ್ದರೆ ಕೋರ್ ಬಿಚ್ಚಿ ತೆಳುವಾದ ಪ್ಲಾಸ್ಟಿಕ್ ಕಡ್ಡಿ ಇಳಿಸಿ ಎಷ್ಟು ಒದ್ದೆಯಾಗಿದೆ ನೋಡುತ್ತೇನೆ. ಕೆಲವು ಸೀಲೆಂಟ್‌ಗಳು ಮೊದಲಿನಿಂದಲೇ ದಪ್ಪಗಿದ್ದು ಸದ್ದು ಮಾಡುವುದಿಲ್ಲ, ಅವಕ್ಕೆ ಕಡ್ಡಿಯೇ ಗತಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿ, ಕಡಿಮೆಯಾಗಿದ್ದಷ್ಟನ್ನು ತುಂಬುತ್ತೇನೆ. ಬೇರೆ ಕಂಪನಿಯದ್ದನ್ನು ಮಾತ್ರ ಬೆರೆಸುವುದಿಲ್ಲ. ಒಂದರ ರಸಾಯನ ಇನ್ನೊಂದನ್ನು ಬಾಟಲಿಯಿಂದ ಇಳಿದ ಕೂಡಲೇ ಹೆಪ್ಪುಗಟ್ಟಿಸಬಹುದು. ಬದಲಿಸಲೇಬೇಕೆಂದರೆ ಟೈರ್ ಬಿಚ್ಚಿ, ತೊಳೆದು, ಹೊಸದಾಗಿ ಹಾಕುತ್ತೇನೆ.

ಗಾಳಿ ಬಿಡುವಾಗ ವಾಲ್ವ್ ಚಕ್ರದ ಮೇಲ್ತುದಿಯಲ್ಲಿರಲಿ, ದ್ರವವೆಲ್ಲ ಕೆಳಗೆ ಇಳಿದಿರುತ್ತದೆ, ವಾಲ್ವ್ ಒಳಗೆ ಬರುವುದಿಲ್ಲ. ಎಷ್ಟು ಜಾಗ್ರತೆ ವಹಿಸಿದರೂ ಕೋರ್ ಒಂದಲ್ಲ ಒಂದು ದಿನ ಕಟ್ಟಿಕೊಳ್ಳುತ್ತದೆ. ಪಂಪ್ ಒತ್ತಲು ಗಟ್ಟಿಯಾದರೆ, ಮೀಟರ್ ಮುಳ್ಳು ಏರಿದರೂ ಟೈರ್ ಉಬ್ಬದಿದ್ದರೆ ಅದೇ ಕಾರಣ. ಹೊಸ ಕೋರ್ ಒಂದೆರಡು ಸದಾ ನನ್ನ ಉಪಕರಣದ ಚೀಲದಲ್ಲಿರುತ್ತವೆ. ಬಟ್ಟೆಗೆ ಬಿದ್ದ ಸೀಲೆಂಟನ್ನು ಒದ್ದೆಯಿರುವಾಗಲೇ ನೀರಿನಲ್ಲಿ ತೊಳೆಯಬೇಕು. ಒಣಗಿದ ಮೇಲೆ ಅದು ಹೋಗುವುದಿಲ್ಲ. ಲ್ಯಾಟೆಕ್ಸ್ ಅಲರ್ಜಿ ಇರುವವರಿಗೆ ಲ್ಯಾಟೆಕ್ಸ್ ಇಲ್ಲದ ಬಗೆಗಳೂ ಸಿಗುತ್ತವೆ.

ಇಷ್ಟೆಲ್ಲ ಇದ್ದೂ ನಾನು ಒಂದು ಟ್ಯೂಬ್ ಒಯ್ಯುವುದನ್ನು ಬಿಟ್ಟಿಲ್ಲ. ಅದನ್ನು ಹಾಕುವ ಮೊದಲು ಟ್ಯೂಬ್‌ಲೆಸ್ ವಾಲ್ವ್ ಬಿಚ್ಚಿ ಜೇಬಿಗೆ ಹಾಕಿಕೊಂಡು, ಟೈರಿನ ಒಳಮೈಯನ್ನು ಗ್ಲೌಸ್ ಅಥವಾ ಬಟ್ಟೆಯಿಂದ ಸುತ್ತಲೂ ನಿಧಾನವಾಗಿ ಸವರುತ್ತೇನೆ. ತಿಂಗಳುಗಟ್ಟಲೆ ಸೀಲೆಂಟ್ ಸದ್ದಿಲ್ಲದೆ ಮುಚ್ಚುತ್ತಾ ಬಂದ ಮುಳ್ಳುಗಳು ಮುರಿದ ತುದಿಯೊಡನೆ ಅಲ್ಲೇ ನಿಂತಿರುತ್ತವೆ. ಟ್ಯೂಬ್‌ಲೆಸ್‌ಗೆ ಅವು ಲೆಕ್ಕಕ್ಕಿಲ್ಲ, ಟ್ಯೂಬಿಗೆ ಒಂದೊಂದೂ ಒಂದು ಪಂಕ್ಚರ್. ಬಟ್ಟೆ ತೊಡರಿದ ಕಡೆಯೆಲ್ಲ ನಿಂತು, ಹೊರಗಿನಿಂದ ಒತ್ತಿ, ತುದಿ ಹಿಡಿದು ಕಿತ್ತು, ಪೂರ್ತಿ ಒಂದು ಸುತ್ತು ಬಂದ ಮೇಲೆಯೇ ಟ್ಯೂಬನ್ನು ಒಳಗೆ ಸೇರಿಸುತ್ತೇನೆ.